ಬಾಲ್ ಮುಟ್ಟಿದ್ದಾನಲ್ಲ, ಮತ್ತೆ ಫೌಲ್ ಯಾಕೆ?

ಉಪಜಿಲ್ಲಾ ಮಟ್ಟದ ಶಾಲಾ ಫುಟ್ಬಾಲ್ ಪಂದ್ಯ ಎಂದುಕೊಳ್ಳಿ. ರಾತ್ರಿ ಸುರಿದ ಮಳೆಗೆ ಮೈದಾನ ಇನ್ನೂ ಒದ್ದೆ. ನೀವು ಅರ್ಧ ದಿನ ರಜೆ ಹಾಕಿ ಬಂದು, ಕೊಡೆ ಮಡಚಿಕೊಂಡು ಬದಿಯ ಗೆರೆಯ ಹತ್ತಿರ ನಿಂತಿದ್ದೀರಿ. ನಿಮ್ಮ ಮಗ ಗೋಲು ಕಾಯುವ ಹಿಂದಿನ ಸಾಲಿನ ಆಟಗಾರ. ಎದುರಿನ ಶಾಲೆಯ ಹುಡುಗನೊಬ್ಬ ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಓಡಿ ಬರುತ್ತಾನೆ. ನಿಮ್ಮ ಮಗ ನಾಲ್ಕು ಹೆಜ್ಜೆ ದೂರದಿಂದಲೇ ನೆಲದ ಮೇಲೆ ಜಾರಿ ಕಾಲು ಚಾಚುತ್ತಾನೆ. ಚೆಂಡು ಅವನ ಬೂಟಿಗೆ ತಾಗಿ ಆಚೆ ಹೋಗುತ್ತದೆ. ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಆದರೆ ಜಾರಿದ ಕಾಲು ಅಲ್ಲಿಗೆ ನಿಲ್ಲುವುದಿಲ್ಲ. ಮುಂದೆ ಹೋಗಿ ಆ ಹುಡುಗನ ಪಾದದ ಗಂಟಿಗೆ ಬಡಿಯುತ್ತದೆ. ಅವನು ಕೆಸರಿನಲ್ಲಿ ಬಿದ್ದು ಕಾಲು ಹಿಡಿದುಕೊಳ್ಳುತ್ತಾನೆ. ರೆಫ್ರಿ ವಿಸಿಲ್ ಊದುತ್ತಾರೆ. ಫ್ರೀ ಕಿಕ್ ಕೊಟ್ಟು, ನಿಮ್ಮ ಮಗನಿಗೆ ಹಳದಿ ಕಾರ್ಡನ್ನೂ ತೋರಿಸುತ್ತಾರೆ.

“ಬಾಲ್ ಮುಟ್ಟಿದ್ದಾನಲ್ಲ, ಮತ್ತೆ ಫೌಲ್ ಯಾಕೆ?” ನಿಮ್ಮ ಬಾಯಿಂದ ಬರುವ ಮೊದಲ ಮಾತು ಇದೇ. ಪಕ್ಕದಲ್ಲಿ ನಿಂತವರೂ ದನಿಗೂಡಿಸುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಮಗ ಅದೇ ಪ್ರಶ್ನೆಯನ್ನು ಮೆಲ್ಲಗೆ ಕೇಳುತ್ತಾನೆ: “ಅಪ್ಪಾ, ನಾನು ಬಾಲಿಗೇ ಹೋದದ್ದಲ್ವಾ? ಹಳದಿ ಯಾಕೆ ಕೊಟ್ಟದ್ದು?”

ಇದಕ್ಕೆ “ರೆಫ್ರಿಗೆ ಕಣ್ಣು ಕಾಣುವುದಿಲ್ಲ ಮಗ” ಎಂದುಬಿಡುವುದು ಸುಲಭ. ಆದರೆ ಆ ಒಂದು ಮಾತಿನಿಂದ ಅವನು ಕಲಿಯುವುದೇನು? ಚೆಂಡು ತಾಗಿದರೆ ಸಾಕು, ಅದರ ಹಿಂದೆ ಯಾರ ಕಾಲು ಮುರಿದರೂ ತನಗೆ ಸಂಬಂಧವಿಲ್ಲ ಎಂದು. ಮುಂದಿನ ಪಂದ್ಯದಲ್ಲೂ ಅವನು ಹಾಗೆಯೇ ಜಾರುತ್ತಾನೆ. ಇನ್ನೊಂದು ದಿನ ಅದೇ ಪಾಠ ಕಲಿತ ಬೇರೆ ಹುಡುಗ ನಿಮ್ಮ ಮಗನ ಕಾಲಿಗೆ ಜಾರುತ್ತಾನೆ. ಹಾಗಾಗಿ ಈ ಪ್ರಶ್ನೆಗೆ ಸರಿಯಾದ ಉತ್ತರ ಪ್ರತಿ ತಂದೆತಾಯಿಗೆ ಗೊತ್ತಿರಬೇಕು. ಅದೇನೂ ಕಷ್ಟದ್ದಲ್ಲ.

ಮೈ ತಾಗಿದರೆಲ್ಲ ಫೌಲ್ ಅಲ್ಲ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಫುಟ್ಬಾಲ್ ಮೈ ತಾಗುವ ಆಟ. ಇಬ್ಬರು ಒಂದೇ ಚೆಂಡಿಗೆ ಓಡಿದರೆ ಭುಜಕ್ಕೆ ಭುಜ ತಾಗುತ್ತದೆ, ಕಾಲಿಗೆ ಕಾಲು ತಾಗುತ್ತದೆ. ಎಷ್ಟರ ಮಟ್ಟಿಗೆ ತಾಗಬಹುದು ಎಂಬ ಪ್ರಶ್ನೆ ಈ ಆಟದಷ್ಟೇ ಹಳೆಯದು.

1863ರಲ್ಲಿ ಲಂಡನ್ನಿನಲ್ಲಿ ಕೆಲವು ಕ್ಲಬ್ಬುಗಳು ಸೇರಿ ಫುಟ್ಬಾಲ್ ಅಸೋಸಿಯೇಶನ್ ಕಟ್ಟಿದವು. ಅಲ್ಲಿಯವರೆಗೆ ಇಂಗ್ಲೆಂಡಿನ ಒಂದೊಂದು ಶಾಲೆಯಲ್ಲಿ ಒಂದೊಂದು ನಿಯಮವಿತ್ತು. ಎಲ್ಲರಿಗೂ ಒಂದೇ ನಿಯಮ ಬರೆಯಲು ಕೂತಾಗ ದೊಡ್ಡ ಜಗಳ ಹುಟ್ಟಿದ್ದು ಎರಡು ವಿಷಯಕ್ಕೆ: ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ, ಮತ್ತು ಎದುರಾಳಿಯ ಮೊಣಕಾಲಿನ ಕೆಳಗೆ ಬೇಕೆಂದೇ ಒದೆಯಬಹುದೇ. ಒದೆಯುವುದನ್ನು ಬಿಟ್ಟರೆ ಆಟದ ಗಂಡಸುತನವೇ ಹೋಗುತ್ತದೆ ಎಂದು ವಾದಿಸಿದವರಿದ್ದರು. ಕೊನೆಗೆ ಒದೆಯುವುದು, ಕಾಲಡ್ಡ ಕೊಡುವುದು, ಕೈಯಿಂದ ಹಿಡಿಯುವುದು, ತಳ್ಳುವುದು ಇವೆಲ್ಲ ನಿಷಿದ್ಧವೆಂದು ತೀರ್ಮಾನವಾಯಿತು. ಅದನ್ನು ಒಪ್ಪದ ಬ್ಲ್ಯಾಕ್‌ಹೀತ್ ಕ್ಲಬ್ ಹೊರನಡೆಯಿತು. ಅದೇ ಕ್ಲಬ್ ಮುಂದೆ 1871ರಲ್ಲಿ ರಗ್ಬಿ ಒಕ್ಕೂಟ ಕಟ್ಟುವಾಗ ಜತೆಗಿತ್ತು. ಆಗ ರಗ್ಬಿಯವರೂ ಒದೆಯುವುದನ್ನು ನಿಷೇಧಿಸಿದರು! ಅಂದರೆ ಚೆಂಡಿಗಾಗಿ ಹೋರಾಡಬೇಕು, ಆದರೆ ಎದುರಿನವನ ಕಾಲು ಉಳಿಯಬೇಕು ಎಂಬುದು ಈ ಆಟದ ಅಡಿಪಾಯ.

ನಿಯಮ ಏನು ಹೇಳುತ್ತದೆ?

ಇಂದು ಜಗತ್ತಿನಾದ್ಯಂತ ಫುಟ್ಬಾಲಿನ ನಿಯಮಗಳನ್ನು ನೋಡಿಕೊಳ್ಳುವುದು 1886ರಲ್ಲಿ ಹುಟ್ಟಿದ ಐಎಫ್‌ಎಬಿ ಎಂಬ ಮಂಡಳಿ. ಒಟ್ಟು 17 ನಿಯಮಗಳಿವೆ. ಫೌಲಿನ ಬಗ್ಗೆ ಹೇಳುವುದು 12ನೆಯ ನಿಯಮ.

ಅದರಲ್ಲಿ ಎದುರಾಳಿಯ ವಿರುದ್ಧ ನಡೆಯುವ ಏಳು ಬಗೆಯ ಕೃತ್ಯಗಳ ಪಟ್ಟಿಯಿದೆ: ಮೈಮೇಲೆ ಹಾಯುವುದು, ಮೇಲೆ ಹಾರುವುದು, ಒದೆಯುವುದು, ತಳ್ಳುವುದು, ಹೊಡೆಯುವುದು, ಚೆಂಡಿಗಾಗಿ ಅಡ್ಡ ಬಂದು ಟ್ಯಾಕ್ಲ್ ಮಾಡುವುದು, ಕಾಲಡ್ಡ ಕೊಟ್ಟು ಬೀಳಿಸುವುದು. ಒದೆಯಲು, ಹೊಡೆಯಲು, ಬೀಳಿಸಲು ಬರೇ ಪ್ರಯತ್ನ ಪಟ್ಟರೂ ಸಾಕು, ತಾಗಬೇಕೆಂದಿಲ್ಲ. ಆದರೆ ಇವು ತಮ್ಮಷ್ಟಕ್ಕೆ ಫೌಲ್ ಆಗುವುದಿಲ್ಲ. ಮಾಡಿದ ರೀತಿ ಮೂರರಲ್ಲಿ ಒಂದಾಗಿದೆ ಎಂದು ರೆಫ್ರಿಗೆ ಕಂಡರೆ ಮಾತ್ರ ಫೌಲ್. ಆ ಮೂರು ಮೆಟ್ಟಿಲುಗಳನ್ನು ನೀವು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಅಜಾಗ್ರತೆ. ಎದುರಿನವನ ಕಡೆ ಗಮನ ಕೊಡದೆ, ಎಚ್ಚರಿಕೆ ತೆಗೆದುಕೊಳ್ಳದೆ ಚೆಂಡಿಗೆ ಹೋಗುವುದು. ಓಡುವ ರಭಸದಲ್ಲಿ ಒಂದು ಗಳಿಗೆ ತಡವಾಗಿ ಕಾಲು ಚಾಚಿ ಎದುರಿನವನು ಎಡವಿ ಬಿದ್ದ ಎಂದಿಟ್ಟುಕೊಳ್ಳಿ. ಇದಕ್ಕೆ ಫ್ರೀ ಕಿಕ್ ಮಾತ್ರ. ಕಾರ್ಡ್ ಇಲ್ಲ.

ಎರಡನೆಯದು ಹುಂಬತನ. ಎದುರಿನವನಿಗೆ ಅಪಾಯವಾಗಬಹುದು ಎಂಬುದನ್ನು ಲೆಕ್ಕಿಸದೆ ನುಗ್ಗುವುದು. ಒದ್ದೆ ನೆಲದಲ್ಲಿ ದೂರದಿಂದ ಜಾರಿ, ನಿಲ್ಲಿಸಲಾಗದೆ ಕಾಲಿಗೆ ಬಡಿಯುವುದು ಇದಕ್ಕೆ ಸೇರುತ್ತದೆ. ಇದಕ್ಕೆ ಫ್ರೀ ಕಿಕ್ ಜತೆ ಹಳದಿ ಕಾರ್ಡ್ ಕಡ್ಡಾಯ.

ಮೂರನೆಯದು ಅತಿಯಾದ ಬಲ. ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕಿ ಎದುರಿನವನ ದೇಹಕ್ಕೇ ಅಪಾಯ ತರುವುದು. ಬೂಟಿನ ತಳ ಮುಂದೆ ಮಾಡಿ, ಮೊಣಕಾಲು ಬಗ್ಗಿಸದೆ, ಎರಡೂ ಕಾಲಿನಲ್ಲಿ ಹಾರಿ ಬಂದು ಕಣಕಾಲಿಗೆ ಗುದ್ದುವುದು ಈ ಬಗೆ. ಇದಕ್ಕೆ ಕೆಂಪು ಕಾರ್ಡ್. ಎದುರಿನಿಂದ ಬಂದರೂ, ಬದಿಯಿಂದ ಬಂದರೂ, ಹಿಂದಿನಿಂದ ಬಂದರೂ ಒಂದೇ. ಒಂದು ಕಾಲಾದರೂ ಎರಡು ಕಾಲಾದರೂ ಒಂದೇ.

ಈ ಫ್ರೀ ಕಿಕ್ ನೇರ ಗೋಲಿಗೆ ಹೊಡೆಯಬಹುದಾದದ್ದು. ಹಾಗಾಗಿ ಇದೇ ಫೌಲ್ ತನ್ನ ಗೋಲಿನ ಮುಂದಿನ ಪೆನಾಲ್ಟಿ ಚೌಕದೊಳಗೆ ನಡೆದರೆ ಪೆನಾಲ್ಟಿ ಕಿಕ್.

ಈಗ ಇಡೀ ನಿಯಮವನ್ನು ಮತ್ತೊಮ್ಮೆ ನೋಡಿ. “ಮೊದಲು ಚೆಂಡನ್ನು ಮುಟ್ಟಿದರೆ ಫೌಲ್ ಅಲ್ಲ” ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಚೆಂಡು ಮೊದಲು ಸಿಕ್ಕಿತೋ ಎಂಬುದನ್ನು ರೆಫ್ರಿ ಖಂಡಿತ ಗಮನಿಸುತ್ತಾರೆ. ಶುದ್ಧವಾಗಿ ಚೆಂಡು ತೆಗೆದು, ಕಾಲು ಅಲ್ಲಿಗೇ ನಿಂತು, ಆಮೇಲೆ ಎದುರಿನವನು ತಾನೇ ಓಡಿಬಂದು ಆ ಕಾಲಿಗೆ ಎಡವಿದರೆ ಅದು ಒಳ್ಳೆಯ ಆಟ. ಆದರೆ ಚೆಂಡು ಮುಟ್ಟಿದ ಮೇಲೂ ಅದೇ ರಭಸದಲ್ಲಿ ಮೈಮೇಲೆ ಹೋದರೆ, ಮುಟ್ಟಿದ ಚೆಂಡು ಅವನನ್ನು ಕಾಪಾಡುವುದಿಲ್ಲ.

“ಬೇಕೆಂದು ಮಾಡಿದ್ದಲ್ಲ” ಎಂಬ ಮಾತು

ಚೆಂಡಿನ ಮಾತು ನಡೆಯದಿದ್ದಾಗ ನಾವು ಹೇಳುವ ಎರಡನೆಯ ಮಾತು ಇದು. ಹಿಂದೆ ನಿಯಮದಲ್ಲಿಯೇ “ಬೇಕೆಂದು” ಎಂಬ ಷರತ್ತು ಇತ್ತು. ಆಟಗಾರನ ಮನಸ್ಸಿನಲ್ಲಿ ಏನಿತ್ತು ಎಂದು ರೆಫ್ರಿ ಊಹಿಸಬೇಕಿತ್ತು. ಅದು ಯಾರಿಂದ ಸಾಧ್ಯ? 1990ರ ದಶಕದಲ್ಲಿ ಆ ಷರತ್ತನ್ನು ತೆಗೆದು, ಈಗಿನ ಮೂರು ಮೆಟ್ಟಿಲುಗಳನ್ನು ತಂದರು. ಈಗ ರೆಫ್ರಿ ಮನಸ್ಸನ್ನು ಓದಬೇಕಾಗಿಲ್ಲ, ಕಣ್ಣಿಗೆ ಕಂಡದ್ದನ್ನು ಅಳೆದರೆ ಸಾಕು. ಆದುದರಿಂದ ಫೌಲ್ ಕೊಟ್ಟರು ಎಂದರೆ ನಿಮ್ಮ ಮಗ ಕೆಟ್ಟವನು ಎಂದು ಹೇಳಿದಂತಲ್ಲ. ಅವನು ಹೋದ ರೀತಿಯಲ್ಲಿ ಎಚ್ಚರಿಕೆ ಸಾಲದಾಯಿತು ಎಂದಷ್ಟೇ ಅರ್ಥ. ಇದನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಅವಮಾನವೂ ಆಗುವುದಿಲ್ಲ, ಕಲಿಯಲು ದಾರಿಯೂ ಸಿಗುತ್ತದೆ.

ಅಳೆಯುವಾಗ ನೋಡುವುದು ಏನನ್ನು? ಅವನು ಎಷ್ಟು ವೇಗದಲ್ಲಿ ಬಂದ. ಎಷ್ಟು ದೂರದಿಂದ ಬಂದ. ಆ ಕ್ಷಣದಲ್ಲಿ ಚೆಂಡು ಅವನಿಗೆ ಸಿಗುವಂತಿತ್ತೇ. ಕಾಲು ನೆಲಕ್ಕೆ ಹತ್ತಿರವಿತ್ತೇ, ಮೇಲಕ್ಕೆ ಎದ್ದಿತ್ತೇ. ತಾಗಿದ್ದು ಪಾದದ ಬದಿಯೋ, ಬೂಟಿನ ತಳದ ಸ್ಟಡ್ಡುಗಳೋ. ಎದುರಿನವನ ಯಾವ ಭಾಗಕ್ಕೆ ತಾಗಿತು. ಮುಖ್ಯವಾಗಿ, ಅವನ ದೇಹ ಅವನದೇ ಹಿಡಿತದಲ್ಲಿತ್ತೇ. ಇವೆಲ್ಲವನ್ನೂ ಒಂದೆರಡು ಸೆಕೆಂಡಿನಲ್ಲಿ ನೋಡಿ ತೀರ್ಮಾನಿಸಬೇಕು. ಮುಂದಿನ ಸಲ ಇವುಗಳಲ್ಲಿ ಎರಡನ್ನಾದರೂ ನೀವೇ ನೋಡಲು ಪ್ರಯತ್ನಿಸಿ. ಬದಿಯಲ್ಲಿ ನಿಂತು ಕೂಗುವುದು ತನ್ನಿಂದ ತಾನೇ ಕಡಿಮೆಯಾಗುತ್ತದೆ.

ವಿಶ್ವಕಪ್ಪಿನಲ್ಲೂ ತಪ್ಪಿದ ಎರಡು ತೀರ್ಪು

ದೊಡ್ಡವರ ಆಟದಿಂದ ಎರಡು ಉದಾಹರಣೆ ನೋಡೋಣ. ಎರಡನ್ನೂ ಫುಟ್ಬಾಲ್ ನೋಡುವವರು ಇಂದಿಗೂ ಮರೆತಿಲ್ಲ.

2010ರ ವಿಶ್ವಕಪ್ ಫೈನಲ್, ಜೋಹಾನ್ಸ್‌ಬರ್ಗ್. ಸ್ಪೇನ್ ಮತ್ತು ನೆದರ್ಲೆಂಡ್ಸ್. ಚೆಂಡು ಗಾಳಿಯಲ್ಲಿತ್ತು. ಸ್ಪೇನಿನ ಶಾಬಿ ಅಲಾನ್ಸೊ ತಲೆಯಿಂದ ಅದನ್ನು ಆಡಿದ. ಅದೇ ಚೆಂಡಿಗೆ ನೆದರ್ಲೆಂಡ್ಸಿನ ನೈಜೆಲ್ ಡಿ ಯಾಂಗ್ ಕಾಲು ಎತ್ತಿದ. ಬೂಟಿನ ಸ್ಟಡ್ಡುಗಳು ನೇರವಾಗಿ ಅಲಾನ್ಸೊ ಎದೆಗೆ ಬಡಿದವು. ರೆಫ್ರಿ ಹೊವಾರ್ಡ್ ವೆಬ್ ಕೊಟ್ಟದ್ದು ಹಳದಿ ಕಾರ್ಡ್. ಆಮೇಲೆ ಮತ್ತೆ ನೋಡಿದಾಗ ಅದು ಕೆಂಪು ಕಾರ್ಡೇ ಆಗಬೇಕಿತ್ತು ಎಂದು ವೆಬ್ ತಾವೇ ಒಪ್ಪಿಕೊಂಡರು. ಆ ಕ್ಷಣದಲ್ಲಿ ತಮಗೆ ಸ್ಪಷ್ಟವಾಗಿ ಕಾಣಲಿಲ್ಲ ಎಂದರು. ಡಿ ಯಾಂಗ್ ನೋಡಿದ್ದು ಚೆಂಡನ್ನೇ ಇರಬಹುದು. ಆದರೆ ಎದೆಯ ಎತ್ತರಕ್ಕೆ ಬೂಟಿನ ತಳ ಚಾಚಿದಾಗ ಅಲ್ಲಿ ಇನ್ನೊಬ್ಬ ಇದ್ದಾನೆ ಎಂಬುದು ಅವನ ಲೆಕ್ಕದಲ್ಲಿ ಇರಬೇಕಿತ್ತು.

ಇನ್ನೊಂದು 1982ರದು. ಸ್ಪೇನಿನ ಸೆವಿಲ್ಲೆಯಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಯ ಸೆಮಿಫೈನಲ್. ಬದಲಿ ಆಟಗಾರನಾಗಿ ಬಂದಿದ್ದ ಫ್ರಾನ್ಸಿನ ಪ್ಯಾಟ್ರಿಕ್ ಬ್ಯಾಟಿಸ್ಟನ್ ಒಂಟಿಯಾಗಿ ನುಗ್ಗಿ ಚೆಂಡನ್ನು ಗೋಲಿನ ಕಡೆ ಹೊಡೆದ. ಚೆಂಡು ಹೊರಗೆ ಹೋಯಿತು. ಆದರೆ ಮುಂದೆ ಓಡಿಬಂದು ಹಾರಿದ್ದ ಜರ್ಮನಿಯ ಗೋಲ್‌ಕೀಪರ್ ಹರಾಲ್ಡ್ ಶೂಮಾಕರ್ ಅದೇ ರಭಸದಲ್ಲಿ ಅವನ ಮುಖಕ್ಕೆ ಅಪ್ಪಳಿಸಿದ. ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದ, ಹಲ್ಲು ಹೋಯಿತು, ಸ್ಟ್ರೆಚರಿನಲ್ಲಿ ಹೊರಗೆ ಒಯ್ಯಬೇಕಾಯಿತು. ರೆಫ್ರಿ ಫೌಲ್ ಕೂಡ ಕೊಡಲಿಲ್ಲ. ಗೋಲ್ ಕಿಕ್ ಕೊಟ್ಟು ಆಟ ಮುಂದುವರಿಸಿದರು. ಪಂದ್ಯ 3-3ರಲ್ಲಿ ನಿಂತು, ಕೊನೆಗೆ ಪೆನಾಲ್ಟಿಗಳಲ್ಲಿ ಜರ್ಮನಿ ಗೆದ್ದಿತು. ಆದರೆ ಆ ಪಂದ್ಯದ ಮಾತು ಬಂದಾಗ ಹೆಚ್ಚಿನವರಿಗೆ ಮೊದಲು ನೆನಪಾಗುವುದು ನೆಲದ ಮೇಲೆ ಬಿದ್ದ ಬ್ಯಾಟಿಸ್ಟನ್.

ಈ ಎರಡರಲ್ಲಿ ನಮಗೆ ಎರಡು ಪಾಠ. ಚೆಂಡಿನ ಮೇಲೆ ಕಣ್ಣಿದ್ದರೆ ಸಾಲದು, ಚೆಂಡು ಹೋದ ಮೇಲೂ ಅಪಾಯ ಹೋಗುವುದಿಲ್ಲ. ಇನ್ನೊಂದು: ಅಷ್ಟು ದೊಡ್ಡ ಪಂದ್ಯದ ಅನುಭವಿ ರೆಫ್ರಿಗೂ ಒಂದು ಕ್ಷಣ ಕಾಣದೆ ಹೋಗಬಹುದು. ವಿಶ್ವಕಪ್ಪಿನಲ್ಲಿ ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ ಬಂದದ್ದೇ 2018ರಲ್ಲಿ. ನಮ್ಮ ಶಾಲೆಯ ಮೈದಾನದಲ್ಲಿ ವಿಡಿಯೊ ಎಲ್ಲಿಂದ? ಒಂದು ವಿಸಿಲ್, ಎರಡು ಕಣ್ಣು. ತಪ್ಪು ಆಗುವುದಿದೆ. ಆದರೂ ಆಟ ನಡೆಯಬೇಕಾದರೆ ಆ ತೀರ್ಪೇ ಕೊನೆ. ನಿಯಮವೂ ಹಾಗೆಯೇ ಹೇಳುತ್ತದೆ.

ಫೌಲಿನ ಹಾಗೆ ಕಂಡರೂ ಫೌಲ್ ಅಲ್ಲದ್ದು

ಇನ್ನು ನಿಮ್ಮ ಮಗನೋ ಮಗಳೋ ನೆಲಕ್ಕೆ ಬಿದ್ದು, ರೆಫ್ರಿ ವಿಸಿಲ್ ಊದದೆ ಇರುವ ಸಂದರ್ಭ. ಆಗ ಹೊಟ್ಟೆ ಉರಿಯುವುದು ಸಹಜ. ಆದರೆ ಬೀಳುವುದು ಬೇರೆ, ಫೌಲ್ ಬೇರೆ.

ಭುಜಕ್ಕೆ ಭುಜ ಒತ್ತಿ ಜಾಗ ಮಾಡಿಕೊಳ್ಳುವುದು ನ್ಯಾಯವಾದ ಆಟ. ಚೆಂಡು ಇಬ್ಬರಿಗೂ ಎಟಕುವಷ್ಟು ಹತ್ತಿರವಿರಬೇಕು, ಕೈ ಮೊಣಕೈ ಬಳಸಬಾರದು, ವಿಪರೀತ ಬಲ ಇರಬಾರದು ಅಷ್ಟೇ. ಒಂದೇ ವಯಸ್ಸಿನ ಗುಂಪಿನಲ್ಲಿ ಆಡುವ ಮಕ್ಕಳನ್ನು ನೋಡಿ. ಒಬ್ಬನಿಗೆ ಆಗಲೇ ಮೀಸೆ ಚಿಗುರಿದೆ, ಇನ್ನೊಬ್ಬ ಮೂರು ವರ್ಷ ಚಿಕ್ಕವನಂತೆ ಕಾಣುತ್ತಾನೆ. ಇಬ್ಬರ ಭುಜ ನ್ಯಾಯವಾಗಿ ತಾಗಿದರೂ ಬೀಳುವವನು ಚಿಕ್ಕವನೇ. ಅದಕ್ಕೆ ದೊಡ್ಡವನಿಗೆ ಶಿಕ್ಷೆ ಕೊಡಲಾಗದು.

ಚೆಂಡು ಎಟಕುವ ದೂರದಲ್ಲಿರುವಾಗ ಬೆನ್ನು ಕೊಟ್ಟು ಅದನ್ನು ಮರೆ ಮಾಡಿಕೊಂಡು ನಿಲ್ಲುವುದೂ ಫೌಲ್ ಅಲ್ಲ. ಕೈ ಚಾಚಿ ಎದುರಿನವನನ್ನು ತಡೆದರೆ ಮಾತ್ರ ಫೌಲ್. ಚೆಂಡು ಎಲ್ಲೋ ಇದ್ದು, ಬರೇ ದಾರಿಗೆ ಅಡ್ಡ ನಿಂತರೆ ಅದು ತಪ್ಪೇ.

ಕಾಲು ತಲೆಯ ಎತ್ತರಕ್ಕೆ ಎತ್ತುವುದು ಇನ್ನೊಂದು. ಯಾರಿಗೂ ತಾಗದಿದ್ದರೂ, ಹತ್ತಿರ ಇದ್ದವನು ಹೆದರಿ ಹಿಂದೆ ಸರಿಯುವಂತಾದರೆ ಅದು ಅಪಾಯದ ಆಟ. ರೆಫ್ರಿ ಒಂದು ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ಈ ಫ್ರೀ ಕಿಕ್ಕಿನಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ, ಚೆಂಡು ಇನ್ನೊಬ್ಬ ಆಟಗಾರನಿಗೆ ತಾಗಬೇಕು. ಇದಕ್ಕೆ ಇನ್ನೊಂದು ಮುಖವೂ ಇದೆ. ಸೊಂಟದ ಕೆಳಗಿರುವ ಚೆಂಡಿಗೆ ತಲೆ ಬಗ್ಗಿಸಿ ಹೋಗುವ ಧೈರ್ಯಶಾಲಿ ಹುಡುಗರಿದ್ದಾರೆ. ತನಗೆ ತಾನೇ ಅಪಾಯ ತಂದುಕೊಳ್ಳುವುದೂ ನಿಯಮದ ಪ್ರಕಾರ ಅಪಾಯದ ಆಟವೇ. “ಭಲೇ, ಹೆದರಲಿಲ್ಲ ನೋಡಿ!” ಎಂದು ಚಪ್ಪಾಳೆ ತಟ್ಟುವ ಮೊದಲು ಇದನ್ನು ಯೋಚಿಸಿ.

ರೆಫ್ರಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ “ಆಡಿ” ಎಂದು ತೋರಿಸುವುದನ್ನು ನೀವು ನೋಡಿರಬಹುದು. ಅವರು ಫೌಲ್ ನೋಡಿಲ್ಲ ಎಂದಲ್ಲ. ಫೌಲ್ ಆಯಿತು, ಆದರೆ ಆಟ ನಿಲ್ಲಿಸಿದರೆ ಫೌಲಿಗೆ ಒಳಗಾದ ತಂಡಕ್ಕೇ ನಷ್ಟ ಎಂದು ಅವರ ಲೆಕ್ಕ. ಕಾರ್ಡ್ ಕೊಡಬೇಕಾದ ತಪ್ಪಾಗಿದ್ದರೆ ಮುಂದೆ ಆಟ ನಿಂತಾಗ ಕರೆದು ಕೊಡುತ್ತಾರೆ.

ಮೆಲ್ಲಗೆ ತಾಗಿದ್ದಕ್ಕೂ ಕಾರ್ಡ್ ಬರುವುದು ಯಾಕೆ ಎಂಬ ಗೊಂದಲವೂ ಇದೆ. ಗೋಲಾಗುವುದು ಬಹುತೇಕ ಖಚಿತವಿದ್ದಾಗ ಫೌಲ್ ಮಾಡಿ ತಪ್ಪಿಸಿದರೆ, ಬಲ ಎಷ್ಟೇ ಕಡಿಮೆಯಿದ್ದರೂ ಕೆಂಪು ಕಾರ್ಡ್. 2016ರಿಂದ ಇದರಲ್ಲಿ ಒಂದು ರಿಯಾಯಿತಿ ಇದೆ. ಪೆನಾಲ್ಟಿ ಚೌಕದೊಳಗೆ ಚೆಂಡಿಗಾಗಿಯೇ ಪ್ರಯತ್ನಿಸುವಾಗ ಆದ ಫೌಲಿಗೆ ಪೆನಾಲ್ಟಿ ಕೊಟ್ಟರೆ ಹಳದಿ ಸಾಕು. ಅಂಗಿ ಹಿಡಿದೆಳೆದಿದ್ದರೆ, ಹಿಂದಿನಿಂದ ತಳ್ಳಿದ್ದರೆ ಅಲ್ಲೂ ಕೆಂಪೇ.

ಅಂದ ಹಾಗೆ ಈ ಹಳದಿ, ಕೆಂಪು ಬಣ್ಣಗಳು ಬಂದದ್ದೂ ಭಾಷೆ ತಿಳಿಯದ ಕಷ್ಟದಿಂದಲೇ. ಬೇರೆ ಬೇರೆ ದೇಶದ ಆಟಗಾರರಿಗೆ ರೆಫ್ರಿ ಬಾಯಲ್ಲಿ ಹೇಳಿದ್ದು ಅರ್ಥವಾಗುತ್ತಿರಲಿಲ್ಲ. ಇಂಗ್ಲೆಂಡಿನ ರೆಫ್ರಿ ಕೆನ್ ಆಸ್ಟನ್ ಅವರಿಗೆ ರಸ್ತೆಯ ಸಿಗ್ನಲ್ ದೀಪ ನೋಡಿ ಉಪಾಯ ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಕಾರ್ಡುಗಳು ಮೊದಲಿಗೆ ಬಳಕೆಗೆ ಬಂದವು.

ನಮ್ಮ ಮೈದಾನದ ಮಾತು

ಭಾಷೆಯ ಕಷ್ಟ ನಮ್ಮ ಮಕ್ಕಳಿಗೂ ಹೊಸತಲ್ಲ. ಕಾಸರಗೋಡು, ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಹುಡುಗ ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಮಾತಾಡುತ್ತಾನೆ, ಕ್ಲಾಸಿನಲ್ಲಿ ಕನ್ನಡ ಓದುತ್ತಾನೆ, ಮೈದಾನದಲ್ಲಿ ಜತೆಯವರೊಡನೆ ಮಲಯಾಳದಲ್ಲಿ ಕೂಗುತ್ತಾನೆ. ನಿಯಮದ ಪದಗಳು ಬರುವುದು ಇಂಗ್ಲಿಷಿನಲ್ಲಿ. ಫೌಲ್, ಟ್ಯಾಕ್ಲ್, ಕಾರ್ಡ್ ಎಂಬ ಹೆಸರು ಅವನಿಗೆ ಗೊತ್ತು, ಅದರ ಹಿಂದಿನ ಕಾರಣವನ್ನು ಕೂರಿಸಿ ಹೇಳಿದವರು ಕಡಿಮೆ. ಆ ಕೆಲಸ ಮನೆಯ ಮಾತಿನಲ್ಲಿ ನೀವು ಮಾಡಬಹುದು. ಅಜಾಗ್ರತೆ, ಹುಂಬತನ, ಅತಿಯಾದ ಬಲ ಎಂಬ ಮೂರು ಮಾತು ಸಾಕು.

ನಮ್ಮ ಕಡೆ ಮಕ್ಕಳು ಫುಟ್ಬಾಲ್ ಕಲಿಯುವುದು ಹೆಚ್ಚಾಗಿ ಸೆವೆನ್ಸ್ ನೋಡಿ. ರಾತ್ರಿ ದೀಪದ ಬೆಳಕಿನಲ್ಲಿ, ತಾತ್ಕಾಲಿಕ ಗ್ಯಾಲರಿ ಕಟ್ಟಿ ನಡೆಯುವ ಆ ಆಟದ ಸೊಗಸೇ ಬೇರೆ. ಆದರೆ ಮೈದಾನ ಚಿಕ್ಕದು, ಓಟ ಕಡಿಮೆ, ಡಿಕ್ಕಿ ಹೆಚ್ಚು. ಜೋರಾದ ಟ್ಯಾಕ್ಲಿಗೆ ಗ್ಯಾಲರಿಯಿಂದ ಶಿಳ್ಳೆ ಬೀಳುತ್ತದೆ. ಹುಡುಗ ಅದನ್ನು ನೋಡಿ ಬಂದು ಶಾಲೆಯ ಪಂದ್ಯದಲ್ಲಿ ಹಾಗೆಯೇ ಮಾಡಿದರೆ ಕಾರ್ಡ್ ಸಿಗುತ್ತದೆ. ಅಲ್ಲಿ ಆಡುವವರು ವರ್ಷಗಟ್ಟಲೆ ಪಳಗಿದ ದೊಡ್ಡವರು. ಇಲ್ಲಿ ಎಲುಬು ಇನ್ನೂ ಬೆಳೆಯುತ್ತಿರುವ ಮಕ್ಕಳು.

ಮಳೆಗಾಲದಲ್ಲಿ ಇನ್ನೊಂದು ಅಪಾಯ. ಒದ್ದೆ ನೆಲದಲ್ಲಿ ಒಮ್ಮೆ ಜಾರಿದ ದೇಹವನ್ನು ನಿಲ್ಲಿಸಲು ಸಾಧ್ಯವೇ ಇಲ್ಲ. “ನೆಲ ಜಾರುತ್ತಿತ್ತು, ನಾನೇನು ಮಾಡಲಿ” ಎಂದರೆ ರೆಫ್ರಿ ಒಪ್ಪುವುದಿಲ್ಲ. ಜಾರುತ್ತದೆ ಎಂದು ಗೊತ್ತಿದ್ದೂ ದೂರದಿಂದ ಜಾರಿದ್ದೇ ತಪ್ಪು. ಒದ್ದೆ ನೆಲದಲ್ಲಿ ನಿಂತೇ ಟ್ಯಾಕ್ಲ್ ಮಾಡಲು, ಎದುರಿನವನ ಜತೆ ಓಡಿ ಅವನನ್ನು ಬದಿಗೆ ಒತ್ತಲು ಕಲಿಯಬೇಕು. ಪಿ.ಟಿ. ಮಾಸ್ತರರನ್ನು ಕಂಡಾಗ “ಇವನಿಗೆ ನಿಂತು ಟ್ಯಾಕ್ಲ್ ಮಾಡಲು ಕಲಿಸಿ” ಎಂದು ಕೇಳಿ.

ಇನ್ನು ಖರ್ಚಿನ ವಿಷಯ. ಮಕ್ಕಳು ದೊಡ್ಡ ಹೆಸರಿನ ಬೂಟು ಕೇಳುತ್ತಾರೆ. ಅದಕ್ಕಿಂತ ಮೊದಲು ಬೇಕಾದ್ದು ಕಣಕಾಲಿನ ಮುಂಭಾಗಕ್ಕೆ ಕಟ್ಟುವ ಶಿನ್ ಗಾರ್ಡ್. 4ನೆಯ ನಿಯಮದ ಪ್ರಕಾರ ಅದು ಕಡ್ಡಾಯ, ಕಾಲುಚೀಲದ ಒಳಗೆ ಇರಬೇಕು. ಪಂದ್ಯದ ದಿನ ಮಾತ್ರವಲ್ಲ, ಅಭ್ಯಾಸದ ದಿನವೂ ಹಾಕಲಿ. ಮತ್ತು ಒಂದು ಮಾತು ಮರೆಯಬೇಡಿ: ತಲೆಗೆ ಜೋರಾಗಿ ಪೆಟ್ಟು ಬಿದ್ದರೆ, ಮಗು “ನನಗೇನೂ ಆಗಿಲ್ಲ” ಎಂದರೂ, ಅಂದಿನ ಆಟ ಅಲ್ಲಿಗೆ ಮುಗಿಯಿತು. ಹೊರಗೆ ಕರೆದು ಡಾಕ್ಟರಿಗೆ ತೋರಿಸಿ. ಒಂದು ಕಪ್ ಹೋದರೆ ಮುಂದಿನ ವರ್ಷ ಬರುತ್ತದೆ.

ಊಟದ ಹೊತ್ತಿನ ಉತ್ತರ

ಬದಿಯ ಗೆರೆಯಲ್ಲಿ ನಿಂತಾಗ ನೀವು ಕೂಗುವ ಮಾತು ಒಳಗೆ ಆಡುವ ಮಗುವಿಗೆ ಕೇಳಿಸುತ್ತದೆ. “ಬಿಡಬೇಡ, ಕಾಲಿಗೆ ಹಾಕು” ಎಂದು ನೀವು ಕೂಗಿದರೆ, ಅವನ ಕಿವಿಗೆ ಮಾಸ್ತರರ ಮಾತಿಗಿಂತ ನಿಮ್ಮದೇ ಮೊದಲು ಮುಟ್ಟುತ್ತದೆ. ಎದುರಿನ ಹುಡುಗನ ಅಮ್ಮನೂ ಹತ್ತು ಮಾರು ಆಚೆ ನಿಂತಿರುತ್ತಾರೆ ಎಂಬುದು ನೆನಪಿರಲಿ.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಮಗ ಊಟದ ಮುಂದೆ ಕೂತಿದ್ದಾನೆ. ಅವನಿಗೆ ಉಪದೇಶ ಬೇಡ. ಮೂರು ಪ್ರಶ್ನೆ ಕೇಳಿ.

“ನೀನು ಜಾರುವಾಗ ಬಾಲ್ ನಿನಗೆ ಎಷ್ಟು ದೂರ ಇತ್ತು?”

“ಮಧ್ಯದಲ್ಲಿ ನಿಲ್ಲಿಸಬೇಕೆಂದರೆ ನಿಲ್ಲಿಸಲು ಆಗುತ್ತಿತ್ತಾ?”

“ನಿನ್ನ ಜಾಗದಲ್ಲಿ ಅವನು, ಅವನ ಜಾಗದಲ್ಲಿ ನೀನು ಇದ್ದಿದ್ದರೆ ಏನು ಹೇಳುತ್ತಿದ್ದೆ?”

ಮಕ್ಕಳು ಪ್ರಾಮಾಣಿಕರು. ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅವನಿಗೇ ಉತ್ತರ ಹೊಳೆದಿರುತ್ತದೆ. ಆಮೇಲೆ ಹೇಳಿ: “ಬಾಲ್ ಮುಟ್ಟಿದ್ದು ನಿಜ ಮಗ, ನಾನೂ ನೋಡಿದೆ. ಆದರೆ ರೆಫ್ರಿ ಬಾಲನ್ನು ಮಾತ್ರ ನೋಡುವುದಲ್ಲ, ನೀನು ಹೋದ ರೀತಿಯನ್ನೂ ನೋಡುತ್ತಾರೆ. ನಾಲ್ಕು ಹೆಜ್ಜೆ ದೂರದಿಂದ ಜಾರಿದರೆ ನಿನ್ನ ಕಾಲು ನಿನ್ನ ಮಾತು ಕೇಳುವುದಿಲ್ಲ. ಇನ್ನು ಎರಡು ಹೆಜ್ಜೆ ಹತ್ತಿರ ಹೋಗಿ, ನಿಂತು ತೆಗೆ.”

ಸಾಧ್ಯವಾದರೆ ಕೊನೆಗೆ ಇನ್ನೂ ಒಂದು ಮಾತು ಸೇರಿಸಿ: “ಆ ಹುಡುಗನ ಕಾಲು ಹೇಗಿದೆ ಎಂದು ನಾಳೆ ಮಾಸ್ತರರ ಹತ್ತಿರ ವಿಚಾರಿಸು.”